ಮೂರು ಬಾಯಿ, ಒಂದು ಸ್ಟೀಲ್ ಸ್ಕೇಲು

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು ಅಂತ ಮೊದಲು ಹೇಳಿದ್ದು ನನ್ನ ನಾದಿನಿ. ಎರಡು ವರ್ಷದ ಹಿಂದಿನ ಗೌರಿ ಹಬ್ಬ. ಬಾಗಿನಕ್ಕೆ ತವರಿಗೆ ಬಂದಿದ್ದಳು. ಊಟಕ್ಕೆ ಕೂತಾಗ ಮಗಳು ಏನಕ್ಕೋ ಜೋರಾಗಿ ನಕ್ಕಳು. ಹೋಳಿಗೆ ಮುರಿಯುತ್ತಿದ್ದ ನಾದಿನಿ ಕೈ ನಿಲ್ಲಿಸಿ, "ಅತ್ತಿಗೆ, ಇವಳ ಕೆಳಗಿನ ಹಲ್ಲು ನೋಡೀರಾ? ಒಂದರ ಮೇಲೊಂದು ಹತ್ತಿ ಕೂತಾವೆ. ಈಗ್ಲೇ ಕ್ಲಿಪ್ ಹಾಕಿಸಿಬಿಡ್ರಿ. ಹೆಣ್ಣು ಹುಡುಗಿ ಬೇರೆ" ಅಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೆ ನನ್ನ ಮಗಳೆಂದರೆ ಪ್ರಾಣ. ಆದರೆ ಅವತ್ತಿನಿಂದ ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು. ಆಗ ಹನ್ನೊಂದು ವರ್ಷ ಅವಳಿಗೆ. ಮೂರ್ನಾಲ್ಕು ದಿನ ಸುಮ್ಮನೆ ನೋಡಿದೆ. ಹೊಟ್ಟೆಯೊಳಗೆ ಸಂಕಟ ಆಯಿತು. ಯಾಕೆಂದರೆ ನಗುವಾಗ ಕೈ ಅಡ್ಡ ಹಿಡಿಯುವುದು ಮೂವತ್ತು ವರ್ಷದಿಂದ ನನ್ನ ಅಭ್ಯಾಸ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನೋಡಿಕೊಳ್ಳುತ್ತೇನೆ. ಡಿ.ಫಾರ್ಮಾ ಓದಿದ್ದೇನೆ. ನಮ್ಮೂರಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಹಾಗಾಗಿ ಕ್ಲಿಪ್ ಹಾಕಿಸಿಕೊಂಡ ಹುಡುಗ ಹುಡುಗಿಯರು ಅಂಗಡಿಗೆ ಬರುತ್ತಲೇ ಇರುತ್ತಾರೆ. "ಅಕ್ಕ, ತಂತಿ ಚುಚ್ತಾ ಇದೆ, ಆ ವ್ಯಾಕ್ಸ್ ಕೊಡಿ." "ಸಂದಿಯೊಳಗೆ ಹೋಗೋ ಸಣ್ಣ ಬ್ರಷ್ ಇದೆಯಾ?" ಮಕ್ಕಳ ಹಿಂದೆ ನಿಂತ ಅಪ್ಪ ಅಮ್ಮ ಕೇಳುವ ಪ್ರಶ್ನೆ ಬೇರೆ. "ನೀವೇ ಹೇಳಿ ಮೇಡಂ, ಇದು ಬೇಕೇ ಬೇಕಾ, ಇಲ್ಲ ಸುಮ್ನೆ ಚಂದಕ್ಕಾ?" ಹದಿನೈದು ವರ್ಷ ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಡಾಕ್ಟ್ರನ್ನೇ ಕೇಳಿ" ಅಂದು ಚಿಲ್ಲರೆ ಎಣಿಸುತ್ತಿದ್ದೆ. ಈ ಎರಡು ವರ್ಷದಲ್ಲಿ ನಮ್ಮ ಮನೆಯ ಮೂರು ಬಾಯಿಗಳು ನನಗೆ ಉತ್ತರ ಕಲಿಸಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಬಾಯಿಯ ಕಥೆ.

ನನ್ನದು ಉಬ್ಬು ಹಲ್ಲು. ಮೇಲಿನ ಸಾಲು ಮುಂದಕ್ಕೆ ಚಾಚಿದೆ. ತುಟಿ ಎರಡೂ ಕೂಡಬೇಕಾದರೆ ನಾನೇ ಬಿಗಿಹಿಡಿದು ಕೂಡಿಸಬೇಕು. ನಿದ್ದೆಯಲ್ಲಿ ಬಾಯಿ ತೆರೆದೇ ಇರುತ್ತದೆ, ಬೆಳಿಗ್ಗೆ ಏಳುವಾಗ ನಾಲಿಗೆ, ವಸಡು ಎಲ್ಲ ಒಣಗಿರುತ್ತವೆ. 1994ರಲ್ಲಿ ನಾನು ಐದನೇ ಕ್ಲಾಸು. ಶಾಲೆಯ ಬಯಲಲ್ಲಿ ಖೋಖೋ ಆಡುತ್ತಿದ್ದೆವು. ಕಂಬ ಸುತ್ತುವಾಗ ಕಾಲು ಜಾರಿತು, ಮುಖ ನೇರ ಕಂಬಕ್ಕೆ ಹೋಯಿತು. ಮೂಗಿಗೆ ಏನೂ ಆಗಲಿಲ್ಲ. ಕೆಳತುಟಿಗೂ ಆಗಲಿಲ್ಲ. ಮೇಲಿನ ಬಲಗಡೆಯ ಮುಂದಿನ ಹಲ್ಲು ಓರೆಯಾಗಿ ಅರ್ಧ ಮುರಿಯಿತು. ಟೀಚರ್ ಮಣ್ಣಲ್ಲಿ ಹುಡುಕಿ ಆ ಚೂರನ್ನು ಕಾಗದದಲ್ಲಿ ಮಡಚಿ ಕೊಟ್ಟರು. ಅದನ್ನು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಮನೆಗೆ ಹೋದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಹಾಗೆ ಮುರಿದ ಚೂರು ಸಿಕ್ಕರೆ ಒಣಗಲು ಬಿಡದೆ, ಹಾಲಲ್ಲೋ ನೀರಲ್ಲೋ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಒಯ್ಯಿರಿ. ಎಷ್ಟೋ ಸಲ ಅದನ್ನೇ ಮತ್ತೆ ಅಂಟಿಸಲು ಬರುತ್ತದೆ. ದೊಡ್ಡ ಹಲ್ಲು ಬೇರುಸಮೇತ ಕಿತ್ತು ಬಂದಿದ್ದರಂತೂ ಹಾಲಲ್ಲಿಟ್ಟು ಓಡಬೇಕು. ಬೇರಿನ ಭಾಗವನ್ನು ಕೈಯಿಂದ ಮುಟ್ಟಬಾರದು, ಉಜ್ಜಬಾರದು. ಅವತ್ತು ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ನನ್ನ ಚೂರು ಕಂಪಾಸ್ ಬಾಕ್ಸಿನಲ್ಲೇ ಒಂದು ವರ್ಷ ಇತ್ತು.

ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಆ ಹೊತ್ತಿಗೆ ಗಿರಣಿ ಮುಚ್ಚಿತ್ತು. ದಾವಣಗೆರೆಯಲ್ಲಿ ಆ ಕಾಲದಲ್ಲಿ ಬೆಳೆದವರಿಗೆ ಅದೇನು ಅಂತ ಹೇಳಬೇಕಿಲ್ಲ. ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಚೂಪಾದ ಅಂಚನ್ನು ಉಜ್ಜಿ ನಯ ಮಾಡಿದರು. "ಹಲ್ಲು ಮುಂದಿದೆ, ಮುಂದೆ ತಂತಿ ಹಾಕಿಸಿದ್ರೆ ಒಳ್ಳೇದು" ಅಂದರು. ಎಷ್ಟಾಗುತ್ತದೆ ಅಂತ ಅಪ್ಪ ಕೇಳಿದರು. ಆಮೇಲೆ ಏನೂ ಮಾತಾಡಲಿಲ್ಲ. ದಾರಿಯಲ್ಲಿ ಸೈಕಲ್ ತುಳಿಯುತ್ತಾ, "ಚಂದ ಕಾಣಾಕೆ ಅಷ್ಟು ದುಡ್ಡು ಎಲ್ಲಿಂದ ತರ್ಲವ್ವಾ" ಅಂದರು. ಬೆನ್ನ ಹಿಂದೆ ಕೂತಿದ್ದ ನನಗೆ ಅವರ ಮುಖ ಕಾಣಲಿಲ್ಲ.

ಅಪ್ಪನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ದುಡ್ಡು ಇರಲಿಲ್ಲ, ಅಷ್ಟೆ. ಆದರೆ ಅದು ಚಂದದ ಮಾತಲ್ಲ, ಪೆಟ್ಟಿನ ಮಾತು ಅಂತ ಅವರಿಗೆ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಮೂರು ಮಿಲಿಮೀಟರಿಗಿಂತ ಜಾಸ್ತಿ ಮುಂದಿರುವ ಮಕ್ಕಳಲ್ಲಿ, ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗುವುದು ಬೇರೆ ಮಕ್ಕಳಿಗಿಂತ ಸುಮಾರು ಎರಡು ಪಟ್ಟು. ಇದು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ. ತುಟಿ ಮುಚ್ಚದ ಹಲ್ಲಿಗೆ ಅಡ್ಡ ಯಾವುದೂ ಇರುವುದಿಲ್ಲ, ಪೆಟ್ಟು ಮೊದಲು ಅದಕ್ಕೇ ಬೀಳುತ್ತದೆ. ನನ್ನ ಹಲ್ಲು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಒಳಗೆ ಸತ್ತುಹೋಗಿತ್ತು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಸಂಬಳದಲ್ಲಿ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡೆ.

ಅದಕ್ಕೂ ಎರಡು ವರ್ಷ ಮೊದಲು ಇನ್ನೊಂದು ಆಯಿತು. ಮನೆಯಲ್ಲಿ ಗಂಡು ನೋಡಲು ಶುರು ಮಾಡಿದ್ದರು. ಚಿಕ್ಕಮ್ಮ ಬಂದು, "ನೋಡಾಕೆ ಬರೋದ್ರೊಳಗೆ ಹಲ್ಲಿಗೆ ತಂತಿ ಹಾಕಿಸ್ರಿ, ಸಾಲ ಆದ್ರೂ ಚಿಂತೆ ಇಲ್ಲ" ಅಂದರು. ಅಪ್ಪ ಸಾಲಕ್ಕೆ ತಯಾರಾದರು. ಹತ್ತನೇ ವಯಸ್ಸಿನಲ್ಲಿ ಇನ್ನೊಂದು ಪೆಟ್ಟು ತಪ್ಪಿಸಬಹುದಾಗಿದ್ದ ತಂತಿ 'ಚಂದಕ್ಕೆ' ಅಂತ ಬೇಡವಾಯಿತು. ಇಪ್ಪತ್ತೆರಡರಲ್ಲಿ ಅದೇ ತಂತಿ ಬರೀ ಚಂದಕ್ಕೇ ಬೇಕೇ ಬೇಕು ಅಂತಾಯಿತು. ನಾನು ಬೇಡ ಅಂದೆ. ನಮ್ಮ ಮನೆಯವರು ಹಲ್ಲು ನೋಡಿಯೇ ಒಪ್ಪಿದರು. ಆ ವಿಷಯ ಅಲ್ಲಿಗೆ ಬಿಡೋಣ.

ಇಷ್ಟೆಲ್ಲ ಮನಸ್ಸಿನಲ್ಲಿ ಇದ್ದದ್ದರಿಂದಲೇ ಮಗಳು ಕೈ ಅಡ್ಡ ಹಿಡಿದದ್ದು ನೋಡಿ ತಡಮಾಡಲಿಲ್ಲ. ಮಾರನೇ ವಾರವೇ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎರಡು ನಿಮಿಷ ಬಾಯಿ ನೋಡಿದರು. ಮೊಬೈಲಿನಲ್ಲಿ ಫೋಟೊ ತೆಗೆದರು. ಟಿವಿಯಂಥ ಸ್ಕ್ರೀನಿನಲ್ಲಿ ಅವಳ ಹಲ್ಲು ಮುಂದೆ ಹೇಗೆ ಕಾಣುತ್ತದೆ ಅಂತ ತೋರಿಸಿದರು. ಆಮೇಲೆ ಶುರುವಾಯಿತು. ಹೀಗೇ ಬಿಟ್ಟರೆ ಹುಳುಕು ಬರುತ್ತದೆ, ವಸಡು ಹಾಳಾಗುತ್ತದೆ, ದವಡೆಯ ಕೀಲು ನೋಯುತ್ತದೆ, ತಲೆನೋವು ಬರುತ್ತದೆ, ಅನ್ನ ಜೀರ್ಣ ಆಗುವುದಿಲ್ಲ. ಎರಡು ವರ್ಷದ ಚಿಕಿತ್ಸೆ, 65,000 ರೂಪಾಯಿ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಸ್ವಲ್ಪ ಕಡಿಮೆ. ಮಗಳು ಕುರ್ಚಿಯಲ್ಲಿ ಮಲಗಿದ್ದವಳು ನನ್ನ ಸೆರಗು ಹಿಡಿದು ಎಳೆದಳು. "ಅಮ್ಮಾ, ನನ್ನ ಹಲ್ಲಿಗೆ ರೋಗ ಬಂದಿದೆಯಾ?"

ಆ ಪ್ರಶ್ನೆ ಕೇಳಿ ನಾನು ಪರ್ಸ್ ಮುಚ್ಚಿದೆ. ಯೋಚನೆ ಮಾಡಿ ಹೇಳುತ್ತೇವೆ ಅಂದು ಎದ್ದು ಬಂದೆವು.

ಆಮೇಲೆ ಹೋದದ್ದು ದಂತ ಕಾಲೇಜಿನ ಆಸ್ಪತ್ರೆಗೆ. ಅಲ್ಲಿ ಹಲ್ಲು ಸಾಲು ಸರಿಪಡಿಸುವುದಕ್ಕೇ ಒಂದು ವಿಭಾಗ ಇರುತ್ತದೆ. ಐದು ವರ್ಷದ ಬಿ.ಡಿ.ಎಸ್. ಆದಮೇಲೆ ಮತ್ತೆ ಮೂರು ವರ್ಷ ಅದನ್ನೇ ಓದುವ ಎಂ.ಡಿ.ಎಸ್. ವಿದ್ಯಾರ್ಥಿಗಳು ನೋಡುತ್ತಾರೆ, ಪ್ರೊಫೆಸರ್ ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಕಾಯಬೇಕು, ಬೆಳಿಗ್ಗೆ ಹೋದರೆ ಮಧ್ಯಾಹ್ನ ಆಗುತ್ತದೆ. ಅವತ್ತು ಶನಿವಾರ. ಮಗನ ಶಾಲೆ ಬೇಗ ಬಿಟ್ಟಿದ್ದರಿಂದ ಅವನನ್ನೂ ಕರೆದುಕೊಂಡು ಹೋಗಿದ್ದೆ. ಅವನಿಗೆ ಆಗ ಹದಿಮೂರು. ಅವನ ಹಲ್ಲು ದಾರ ಹಿಡಿದು ಕೂರಿಸಿದ ಹಾಗೆ ಸಾಲಾಗಿವೆ, ಮನೆಗೆ ಬಂದವರೆಲ್ಲ ಹೊಗಳುತ್ತಿದ್ದರು.

ಎಂ.ಡಿ.ಎಸ್. ಓದುತ್ತಿದ್ದ ಹುಡುಗಿ ಒಂದು ಚಿಕ್ಕ ಸ್ಟೀಲ್ ಸ್ಕೇಲು ತೆಗೆದಳು. ನನಗೆ ತುಂಬಾ ಹಿಡಿಸಿದ್ದು ಅದು. ಭಯ ಪಡಿಸಲಿಲ್ಲ, ಅಳೆದಳು. ಮಗಳ ಕೆಳಗಿನ ಹಲ್ಲುಗಳು ಒಂದಕ್ಕೊಂದು ಎಷ್ಟು ಜರುಗಿವೆ ಅಂತ ನೋಡಿದಳು. ಹೆಚ್ಚೆಂದರೆ ಎರಡು ಮಿಲಿಮೀಟರ್. ಕಚ್ಚಿಸಿ ನೋಡಿದಳು, ಹಿಂದಿನ ಹಲ್ಲುಗಳು ಸರಿಯಾಗಿ ಕೂಡುತ್ತವೆ. ಮೇಲಿನ ಹಲ್ಲು ಸರಿಯಾದ ಜಾಗದಲ್ಲಿವೆ. ಅಂಗುಳಕ್ಕೆ ಯಾವ ಹಲ್ಲೂ ತಾಗುತ್ತಿಲ್ಲ. ವಸಡು ಚೆನ್ನಾಗಿದೆ.

ಆಮೇಲೆ ಪ್ರೊಫೆಸರ್ ಬಂದು ಕೂತು ಹೇಳಿದರು. ಬ್ರಿಟನ್ನಿನಲ್ಲಿ 1989ರಲ್ಲಿ ಬ್ರೂಕ್ ಮತ್ತು ಶಾ ಅನ್ನುವ ಇಬ್ಬರು ಒಂದು ಅಳತೆಪಟ್ಟಿ ಮಾಡಿದರಂತೆ. ಒಂದರಿಂದ ಐದರವರೆಗೆ ದರ್ಜೆ. ಒಂದು, ಎರಡು ಅಂದರೆ ಆರೋಗ್ಯದ ದೃಷ್ಟಿಯಿಂದ ಚಿಕಿತ್ಸೆಯ ಅಗತ್ಯ ಇಲ್ಲ ಅಥವಾ ತೀರ ಕಡಿಮೆ. ಮೂರು ಗಡಿಯಲ್ಲಿ. ನಾಲ್ಕು, ಐದು ಅಂದರೆ ಬೇಕು. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಹದಿನೆಂಟು ವರ್ಷದೊಳಗಿನ ಮಕ್ಕಳಲ್ಲಿ ಯಾರಿಗೆ ಉಚಿತವಾಗಿ ತಂತಿ ಹಾಕಬೇಕು ಅಂತ ಇದನ್ನೇ ನೋಡಿ ತೀರ್ಮಾನ ಮಾಡುತ್ತದೆ. ನಾಲ್ಕು, ಐದು ಬಂದವರಿಗೆ ಸಿಗುತ್ತದೆ. ಮೂರರಲ್ಲಿದ್ದವರಿಗೆ, ಹಲ್ಲು ನೋಡಲು ಎಷ್ಟು ಸೊಟ್ಟ ಕಾಣುತ್ತದೆ ಅಂತ ಹತ್ತು ಫೋಟೊಗಳ ಜೊತೆ ಹೋಲಿಸಿ, ಆಮೇಲೆ ತೀರ್ಮಾನ. ಒಂದು ದೇಶ ತೆರಿಗೆ ದುಡ್ಡು ಖರ್ಚು ಮಾಡುವ ಮೊದಲು ಕೂತು ಹಾಕಿದ ಗೆರೆ ಅದು. ಕೇಳಿ ನನಗೆ ಒಂಥರಾ ಸಮಾಧಾನ ಆಯಿತು. ನಾವು 'ಆರೋಗ್ಯಕ್ಕಾ, ಚಂದಕ್ಕಾ' ಅಂತ ಎಲ್ಲ ಹಲ್ಲಿಗೂ ಸೇರಿಸಿ ಒಂದೇ ಪ್ರಶ್ನೆ ಕೇಳುತ್ತೇವೆ. ಅಲ್ಲಿ ಒಂದೊಂದು ಬಾಯಿಗೂ ಬೇರೆ ಬೇರೆ ಕೇಳುತ್ತಾರೆ.

"ನಿಮ್ಮ ಮಗಳದ್ದು ಎರಡನೇ ದರ್ಜೆ. ರೋಗ ಅಲ್ಲ. ಮುಂದೆ ಅವಳಿಗೇ ಬೇಕು ಅನ್ನಿಸಿದ್ರೆ ಹಾಕಿಸಿಕೊಳ್ಳಲಿ. ಈಗ ಚೆನ್ನಾಗಿ ಬ್ರಷ್ ಮಾಡಲಿ, ಸಾಕು" ಅಂದರು. ಮಗಳು ಎದ್ದು ಕೂತಳು.

ಏಳಲು ಹೊರಟಾಗ ಪ್ರೊಫೆಸರ್ ಮಗನನ್ನು ಕರೆದು, "ಬಾರಪ್ಪ, ನಿಂದೂ ಒಂದ್ಸಲ ನೋಡೋಣ" ಅಂದರು. ಬಾಯಿ ತೆರೆಸಿ, ಎಡಗಡೆಯ ಕೋರೆಹಲ್ಲಿನ ಮೇಲೆ ವಸಡನ್ನು ಬೆರಳಿನಿಂದ ಸವರಿದರು. ಮತ್ತೆ ಬಲಗಡೆ ಸವರಿದರು. ಮತ್ತೆ ಎಡಕ್ಕೆ ಬಂದರು. "ಇದು ಹಾಲುಹಲ್ಲು, ಇನ್ನೂ ಬಿದ್ದಿಲ್ಲ. ಇದರ ಹಿಂದೆ ಬರಬೇಕಾದ ದೊಡ್ಡ ಹಲ್ಲು ಬೆರಳಿಗೆ ಸಿಗ್ತಾ ಇಲ್ಲ. ಎಕ್ಸ್‌ರೇ ತೆಗೆಸಿ" ಅಂದರು.

ಇಡೀ ದವಡೆಯ ಎಕ್ಸ್‌ರೇ ಬಂತು. ಬೆಳಕಿನ ಎದುರು ಹಿಡಿದು ತೋರಿಸಿದರು. ಎಲ್ಲ ಹಲ್ಲುಗಳೂ ನಿಂತಿವೆ, ಒಂದು ಮಾತ್ರ ಮಲಗಿದೆ. ಕೋರೆಹಲ್ಲು ಅಂಗುಳದೊಳಗೆ ಅಡ್ಡಡ್ಡ ಬಿದ್ದುಕೊಂಡು, ಅದರ ತುದಿ ಪಕ್ಕದ ಹಲ್ಲಿನ ಬೇರಿಗೆ ಒತ್ತಿ ನಿಂತಿತ್ತು. ಆಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಆ ಬೇರು ಸ್ವಲ್ಪ ಸವೆದಿರುವುದೂ ಕಂಡಿತು. ಹೀಗೇ ಬಿಟ್ಟಿದ್ದರೆ ಚೆನ್ನಾಗಿರುವ ಮುಂದಿನ ಹಲ್ಲು ಅಲುಗಾಡಲು ಶುರುವಾಗುವವರೆಗೂ ನಮಗೆ ಗೊತ್ತಾಗುತ್ತಿರಲಿಲ್ಲ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಮೇಲಿನ ಕೋರೆಹಲ್ಲು ಹೀಗೆ ಒಳಗೇ ಸಿಕ್ಕಿಕೊಳ್ಳುತ್ತದಂತೆ. ಅಳತೆಪಟ್ಟಿಯಲ್ಲಿ ಅವನದು ಐದನೇ ದರ್ಜೆ.

ಸಾಲು ಸರಿ ಇಲ್ಲ ಅಂತ ಕರೆದುಕೊಂಡು ಹೋದವಳಿಗೆ ಏನೂ ಬೇಕಿರಲಿಲ್ಲ. ಎಲ್ಲರೂ ಹೊಗಳಿದ ಬಾಯಿಗೆ ತುರ್ತಾಗಿ ಬೇಕಿತ್ತು.

"ಹತ್ತು ವರ್ಷಕ್ಕೆ ಕರೆದುಕೊಂಡು ಬಂದಿದ್ರೆ ಆ ಹಾಲುಹಲ್ಲು ಕಿತ್ತಿದ್ರೇ ಸಾಕಾಗ್ತಿತ್ತೇನೋ, ಎಷ್ಟೋ ಸಲ ಒಳಗಿನದು ತಾನೇ ದಾರಿಗೆ ಬರುತ್ತೆ" ಅಂದರು ಪ್ರೊಫೆಸರ್. ಬೈಯಲಿಲ್ಲ, ಆದರೂ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ದಿನಾ ಅವನ ಮುಖ ನೋಡುತ್ತೇನೆ, ದಿನಾ ಔಷಧಿಯ ನಡುವೆ ಕೂರುತ್ತೇನೆ. ಹದಿಮೂರು ವರ್ಷದ ಹುಡುಗನ ಬಾಯಿಯಲ್ಲಿ ಒಂದು ಹಾಲುಹಲ್ಲು ಉಳಿದಿದೆ ಅನ್ನುವುದು ನನ್ನ ಕಣ್ಣಿಗೆ ಬೀಳಲಿಲ್ಲ. ಈಗ ಅಂಗಡಿಗೆ ಬರುವ ತಾಯಂದಿರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಮಗುವಿಗೆ ಹತ್ತು ವರ್ಷ ಆಯಿತಾ? ಒಂದು ಸಲ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೋರೆಹಲ್ಲು ಬೆರಳಿಗೆ ಸಿಗುತ್ತದಾ ಅಂತ ಕೇಳಿ. ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದಿದ್ದರೆ ಬಿಡಬೇಡಿ.

ಮಗನ ಚಿಕಿತ್ಸೆ ಶುರುವಾಯಿತು. ಮೊದಲು ತಂತಿ ಹಾಕಿ ಕೋರೆಹಲ್ಲಿಗೆ ಜಾಗ ಮಾಡಿದರು. ಕೆಲವು ತಿಂಗಳಾದಮೇಲೆ ಒಂದು ಚಿಕ್ಕ ಆಪರೇಷನ್. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಾಲುಹಲ್ಲು ಕಿತ್ತು, ಅಂಗುಳ ಬಿಡಿಸಿ, ಮಲಗಿದ್ದ ಹಲ್ಲಿಗೆ ಒಂದು ಪುಟ್ಟ ಗುಂಡಿ ಅಂಟಿಸಿದರು. ಅದಕ್ಕೊಂದು ಸರಪಳಿ. ಮಗುವಿನ ಕಾಲ್ಗೆಜ್ಜೆಯ ಸರಪಳಿಗಿಂತಲೂ ಸಣ್ಣದು. ಅದನ್ನು ತಂತಿಗೆ ಕಟ್ಟಿ ತಿಂಗಳು ತಿಂಗಳು ಒಂದಿಷ್ಟೇ ಎಳೆಯುವುದು.

ಕಿತ್ತ ಹಾಲುಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಮನೆಗೆ ತಂದಾಗ ನಮ್ಮತ್ತೆ, ಹಾಲುಹಲ್ಲು ಅಂದಮೇಲೆ ಶಾಸ್ತ್ರ ಶಾಸ್ತ್ರವೇ ಅಂದು, ಸಗಣಿ ಉಂಡೆಯಲ್ಲಿ ಇಟ್ಟು ಮೊಮ್ಮಗನ ಕೈಗೇ ಕೊಟ್ಟರು. ನಮ್ಮದು ಆರ್‌ಸಿಸಿ ಮನೆ. ಹಿಂದಿನ ಮನೆಯವರ ಹಂಚಿನ ಮೇಲೆ ಎಸೆದ. ಬಾಯಿ ಮರಗಟ್ಟಿದ್ದರಿಂದ ಅವನ ನಗು ಒಂದೇ ಕಡೆಗೆ ಎಳೆದಿತ್ತು.

ಗಟ್ಟಿ ಮೂಳೆಯೊಳಗಿನ ಹಲ್ಲು ಹೇಗೆ ಜರುಗುತ್ತದೆ ಅಂತ ನಾನೂ ಓದಿಕೊಂಡೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ತೆಳುವಾದ ಪದರ ಇದೆ. ಒಂದು ಕಡೆಯಿಂದ ಮೆಲ್ಲಗೆ ಒತ್ತಿದರೆ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಅವಸರ ಮಾಡಿ ಜೋರಾಗಿ ಎಳೆದರೆ ಬೇರಿಗೇ ಪೆಟ್ಟು. ಅದಕ್ಕೇ ಇದು ವರ್ಷಗಟ್ಟಲೆಯ ಕೆಲಸ. ಮೊದಲ ತಿಂಗಳುಗಳಲ್ಲಿ ಹಾಕುವ ತೆಳು ತಂತಿ ನಿಕಲ್ ಮತ್ತು ಟೈಟಾನಿಯಂ ಸೇರಿಸಿ ಮಾಡಿದ್ದು. ಎಷ್ಟು ಬಗ್ಗಿಸಿ ಕಟ್ಟಿದರೂ ತನ್ನ ಮೊದಲಿನ ಆಕಾರಕ್ಕೇ ಮರಳಲು ನೋಡುತ್ತದೆ, ಬರುವಾಗ ಹಲ್ಲನ್ನೂ ಜೊತೆಗೆ ಕರೆತರುತ್ತದೆ. ಈ ಲೋಹ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ನೇವಲ್ ಆರ್ಡ್‌ನೆನ್ಸ್ ಲ್ಯಾಬೊರೇಟರಿಯಲ್ಲಿ. ನಿಕಲ್, ಟೈಟಾನಿಯಂ, ಆ ಲ್ಯಾಬಿನ ಮೊದಲಕ್ಷರಗಳು ಸೇರಿ ನಿಟಿನಾಲ್ ಅಂತ ಹೆಸರು. ಹಲ್ಲಿಗೆ ಬಂದದ್ದು 1970ರ ದಶಕದಲ್ಲಿ. ಮಗನಿಗೆ ಇದನ್ನು ಹೇಳಿದಾಗ ಕನ್ನಡಿ ಮುಂದೆ ನಿಂತು ತಂತಿಯನ್ನೇ ಹತ್ತು ನಿಮಿಷ ನೋಡಿದ.

ತಂತಿ ಬಿಗಿಸಿದ ದಿನ, ಮಾರನೇ ದಿನ, ಹಲ್ಲೆಲ್ಲ ನೋವು. ಪ್ಯಾರಸಿಟಮಾಲ್ ಸಾಕು ಅಂದಿದ್ದರು, ಅಷ್ಟೇ ಕೊಟ್ಟೆ. ಊಟಕ್ಕೆ ಮುದ್ದೆ. ಅಗಿಯುವ ಗೋಜೇ ಇಲ್ಲ, ಸಾರಲ್ಲಿ ಅದ್ದಿ ನುಂಗಿದರಾಯಿತು. ತಂತಿ ಹಾಕಿಸಿಕೊಂಡವರಿಗೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಬಂದ್. ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿ ತಿಂದರೆ ಮಂಡಕ್ಕಿಯ ಸಿಪ್ಪೆ ಬ್ರಾಕೆಟ್ಟಿನ (ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸಿದ ಚಿಕ್ಕ ತುಂಡು) ಸುತ್ತ ಅಂಟಿ, ಅರ್ಧ ಗಂಟೆ ಬ್ರಷ್ ಹಿಡಿದು ನಿಲ್ಲಬೇಕು. ಸಂಕ್ರಾಂತಿಗೆ ಕಬ್ಬು ಕಚ್ಚುವ ಹಾಗಿಲ್ಲ. ಆ ವರ್ಷ ಮಗಳೇ ಕೂತು ಅಣ್ಣನಿಗೆ ಕಬ್ಬು ಸಿಗಿದು, ಬೆರಳುದ್ದದ ತೆಳು ಚೂರು ಮಾಡಿ ಬಟ್ಟಲಲ್ಲಿಟ್ಟು ಕೊಟ್ಟಳು. ಚೀಪಿ ರಸ ಹೀರಿದ.

ಖರ್ಚು ಕಾಲೇಜಿನಲ್ಲಿ ಹೊರಗಿನದರ ಅರ್ಧಕ್ಕಿಂತ ಕಡಿಮೆ ಆಯಿತು, ಅದೂ ಕಂತಿನಲ್ಲಿ. ನಮ್ಮ ಆರೋಗ್ಯ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರೆ ಮಾತ್ರ ಕೊಡುತ್ತಾರೆ. ಬೇರು ಸವೆಸುತ್ತಿದ್ದ ಹಲ್ಲನ್ನು ಹೊರಗೆ ಎಳೆಯುವುದೂ, ಹೊಳಪಿಗೆ ಹಲ್ಲು ಬಿಳಿ ಮಾಡಿಸುವುದೂ ಅವರ ಲೆಕ್ಕದಲ್ಲಿ ಒಂದೇ ಪಟ್ಟಿಯಲ್ಲಿವೆ. ಇದು ತಪ್ಪು. ನಾಲ್ಕು, ಐದನೇ ದರ್ಜೆಯ ಮಕ್ಕಳಿಗಾದರೂ ವಿಮೆಯಲ್ಲೋ ಸರ್ಕಾರಿ ಯೋಜನೆಯಲ್ಲೋ ಜಾಗ ಇರಬೇಕು. ನನ್ನ ಅಪ್ಪನಂಥವರು ಈಗಲೂ ಇದ್ದಾರೆ, ಎಷ್ಟಾಗುತ್ತದೆ ಅಂತ ಕೇಳಿ ಸುಮ್ಮನಾಗುವವರು. ದಿನಾ ಕೌಂಟರಿನ ಈ ಕಡೆಯಿಂದ ನೋಡುತ್ತೇನೆ.

ಇನ್ನು ಆ ಕ್ಲಿನಿಕ್ಕಿನಲ್ಲಿ ಹೇಳಿದ ಭಯಗಳು. ಹಲ್ಲು ಒತ್ತೊತ್ತಾಗಿದ್ದರೆ ಉಜ್ಜುವುದು ಕಷ್ಟ, ಅದು ನಿಜ. ಆದರೆ ಒತ್ತೊತ್ತಾಗಿದೆ ಅಂದಮಾತ್ರಕ್ಕೆ ಹುಳುಕು ಜಾಸ್ತಿ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ದವಡೆಯ ಕೀಲು ನೋವನ್ನು ತಂತಿ ತಡೆಯುತ್ತದೆ ಅನ್ನುವುದಕ್ಕೂ ಇಲ್ಲ. ಬದಲಿಗೆ, ತಂತಿ ಇದ್ದಾಗ ಸರಿಯಾಗಿ ಬ್ರಷ್ ಮಾಡದಿದ್ದರೆ ಬ್ರಾಕೆಟ್ಟಿನ ಸುತ್ತ ಸುಣ್ಣದ ಬೊಟ್ಟಿನ ಹಾಗೆ ಬಿಳಿ ಕಲೆ ಉಳಿಯುತ್ತದೆ. ಬೇರಿನ ತುದಿ ಸ್ವಲ್ಪ ಕರಗಬಹುದು. ಬಿಚ್ಚಿದ ಮೇಲೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ವಾಪಸ್ ಹೊರಡುತ್ತದೆ. ಎರಡು ವರ್ಷ ತಂತಿ ಹಾಕಿ, ಆರು ತಿಂಗಳು ರಿಟೇನರ್ ಮರೆತು, ಮತ್ತೆ ಮೊದಲಿನಿಂದ ಶುರು ಮಾಡಿದ ಇಬ್ಬರು ನಮ್ಮ ಅಂಗಡಿಯ ಗಿರಾಕಿಗಳೇ ಇದ್ದಾರೆ. ಎರಡನೇ ದರ್ಜೆಯ ಹಲ್ಲಿಗೆ ಇದನ್ನೆಲ್ಲ ಹೇಳದೆ ಬರೀ ಒಂದು ಕಡೆಯ ಭಯ ಹೇಳುವುದು ಅನ್ಯಾಯ.

'ಹಲ್ಲು ಸರಿಮಾಡಿಸಿದರೆ ಆತ್ಮವಿಶ್ವಾಸ ಬರುತ್ತದೆ' ಅನ್ನುವುದನ್ನೂ ಹುಡುಕಿ ನೋಡಿದೆ. ವೇಲ್ಸಿನ ಕಾರ್ಡಿಫ್‌ನಲ್ಲಿ 1981ರಲ್ಲಿ ಹನ್ನೊಂದು ಹನ್ನೆರಡು ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು, ಮನಸ್ಸು ಎರಡನ್ನೂ ಪರೀಕ್ಷಿಸಿ ಬರೆದಿಟ್ಟರು. ಇಪ್ಪತ್ತು ವರ್ಷ ಬಿಟ್ಟು ಅವರಲ್ಲಿ 337 ಜನರನ್ನು ಹುಡುಕಿ ಮತ್ತೆ ನೋಡಿದರು. ಬೇಕಿದ್ದು ಚಿಕಿತ್ಸೆ ಪಡೆದವರ ಹಲ್ಲು ಸಾಲಾಗಿದ್ದವು, ಅವರಿಗೆ ತಮ್ಮ ಹಲ್ಲಿನ ಬಗ್ಗೆ ಸಮಾಧಾನವೂ ಇತ್ತು. ಆದರೆ ಒಟ್ಟು ಆತ್ಮವಿಶ್ವಾಸಕ್ಕೆ, ಬದುಕಿನ ನೆಮ್ಮದಿಗೆ ತಂತಿಯಿಂದ ಆದ ಲಾಭ ಬಹಳ ಕಡಿಮೆ.

ಇದನ್ನು ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಲೆಕ್ಕವನ್ನು ನಂಬುತ್ತೇನೆ. ಸೊಟ್ಟ ಹಲ್ಲಿನವರ ಬದುಕು ಹಾಳಾಗುವುದಿಲ್ಲ, ನನ್ನದೂ ಆಗಿಲ್ಲ. ಆದರೆ ಮೂವತ್ತು ವರ್ಷದ ಫೋಟೊಗಳಲ್ಲಿ ಒಂದರಲ್ಲೂ ನಾನು ಬಾಯಿ ಬಿಟ್ಟು ನಕ್ಕಿಲ್ಲ. ಮದುವೆ ಆಲ್ಬಂನಲ್ಲೂ ಇಲ್ಲ, ಮಕ್ಕಳ ನಾಮಕರಣದಲ್ಲೂ ಇಲ್ಲ. ಅದು ರೋಗ ಅಲ್ಲ. ಆದರೆ ಅದು ಏನೂ ಅಲ್ಲ ಅಂತಲೂ ಯಾರೂ ನನಗೆ ಹೇಳಬಾರದು. ಚಂದಕ್ಕಾಗಿ ಹಲ್ಲು ಸರಿಮಾಡಿಸಿಕೊಂಡರೆ ತಪ್ಪೇನಿಲ್ಲ. ಹೊಸ ಸೀರೆ ಉಟ್ಟುಕೊಳ್ಳಲು ನಾವು ಯಾರಿಗೂ ರೋಗದ ಕಾರಣ ಕೊಡುವುದಿಲ್ಲ, ಅಲ್ವಾ? ಚಂದ ಅಂತಲೇ ಹೇಳಿ ಮಾಡಿ, ದುಡ್ಡಿದ್ದಾಗ ಮಾಡಿ, ಯಾರಿಗೆ ಬೇಕೋ ಅವರೇ ಹೇಳಲಿ. ಹನ್ನೊಂದು ವರ್ಷದ ಮಗುವಿನ ಬಾಯಿ ನೋಡಿ, ಅದು ಹೆಣ್ಣು ಅನ್ನುವ ಕಾರಣಕ್ಕೆ, ಹತ್ತು ವರ್ಷ ಆಚೆಗಿನ ವರನ ಪರವಾಗಿ ನಾವು ತೀರ್ಮಾನ ಮಾಡುವುದು ಬೇಡ. ನನ್ನ ಮಗನ ಬಾಯಿಯನ್ನು ಯಾರೂ ಹಾಗೆ ನೋಡಲಿಲ್ಲ. ನೋಡಿದ್ದರೆ ಆ ಹಾಲುಹಲ್ಲು ಮೂರು ವರ್ಷ ಮೊದಲೇ ಸಿಗುತ್ತಿತ್ತು.

ಮಗಳಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. "ಪುಟ್ಟಿ, ನಿನ್ನ ಹಲ್ಲಿಗೆ ಏನೂ ಆಗಿಲ್ಲ. ನಿನಗೆ ಬೇಕು ಅನ್ನಿಸಿದ ದಿನ ಹೇಳು, ಹಾಕಿಸೋಣ. ಬೇಡ ಅಂದ್ರೆ ಬೇಡ." ಅಣ್ಣನ ಬಾಯಿ ನೋಡಿಕೊಂಡು ಒಂದು ವರ್ಷ ಕಾದಳು. ಈಗ ಹದಿಮೂರು ಅವಳಿಗೆ, ಸದ್ಯಕ್ಕೆ ಬೇಡವಂತೆ. ಕೈ ಅಡ್ಡ ಹಿಡಿಯುವುದು ಯಾವಾಗ ಬಿಟ್ಟಳೋ ನಾನು ಗಮನಿಸಲೇ ಇಲ್ಲ. ಈ ಸಲದ ಗೌರಿ ಹಬ್ಬಕ್ಕೆ ನಾದಿನಿ ಬಂದಾಗ ಅವಳೇ ಎಕ್ಸ್‌ರೇ ತಂದು, "ಅತ್ತೆ, ನೋಡಿ, ಅಣ್ಣನ ಹಲ್ಲು ಮಲ್ಕೊಂಡಿತ್ತು" ಅಂತ ತೋರಿಸಿದಳು. ನಾದಿನಿ ಕನ್ನಡಕ ಹಾಕಿಕೊಂಡು ನೋಡಿ, ತನ್ನ ಮಗನನ್ನು ಕರೆದು ಬಾಯಿ ತೆರೆಸಿದಳು.

ಮಗನ ಹಲ್ಲು ಹೊರಗೆ ಬಂತು. ಒಂದು ಬೆಳಿಗ್ಗೆ ಬ್ರಷ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಬಂದು ಬಾಯಿ ತೆರೆದ. ಅಂಗುಳದ ಕೆಂಪಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ. ಒಲೆ ಆರಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಈಗ ಅದು ಸಾಲಿಗೆ ಬಂದು ನಿಂತಿದೆ, ಇನ್ನು ಸ್ವಲ್ಪ ತಿರುಗಬೇಕು. ಪಕ್ಕದ ಹಲ್ಲಿನ ಬೇರು ಮತ್ತೆ ಸವೆದಿಲ್ಲ.

ಅವತ್ತು ಮೂರನೆಯ ಬಾಯಿಯನ್ನೂ ಅಳೆದಿದ್ದರು. ನನ್ನದು ಎಂಟು ಮಿಲಿಮೀಟರ್, ನಾಲ್ಕನೇ ದರ್ಜೆ. ಆದರೆ ಪ್ರೊಫೆಸರ್ ನೇರವಾಗಿ ಹೇಳಿದರು. "ನಿಮಗೆ ಆಟದಲ್ಲಿ ಬಿದ್ದು ಹಲ್ಲು ಮುರಿಯೋ ವಯಸ್ಸು ದಾಟಿದೆ ಮೇಡಂ. ಆಗಬೇಕಾದ ಪೆಟ್ಟು ಆಗಿಹೋಗಿದೆ. ವಸಡು ಚೆನ್ನಾಗಿದೆ, ಹಾಕಿಸಬಹುದು. ಹಾಕಿಸಲೇಬೇಕು ಅಂತ ಹೇಳಲಾರೆ." ಅಂದರೆ ನನ್ನ ಪಾಲಿಗೆ ಈಗ ಅದು ನಿಜಕ್ಕೂ ಆಸೆಯ ಮಾತು. ಎರಡು ವರ್ಷ ಯೋಚಿಸಿದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಇದ್ದಿದ್ದರೆ ಹೇಳುತ್ತಿದ್ದೆ, ದುಡ್ಡು ಇದೆ ಅಪ್ಪ, ನಾನೇ ದುಡಿದದ್ದು, ಈ ಸಲ ಚಂದಕ್ಕೇ ಹಾಕಿಸಿಕೊಳ್ಳುತ್ತಿದ್ದೇನೆ ಅಂತ.

ಮೊನ್ನೆ ಗುರುವಾರ ಹಾಕಿಸಿಕೊಂಡು ಬಂದೆ. ರಾತ್ರಿ ಕೆನ್ನೆಯ ಒಳಗೆ ತಂತಿ ಚುಚ್ಚುತ್ತಿತ್ತು. ಅಂಗಡಿಯಿಂದ ತಂದ ವ್ಯಾಕ್ಸ್ ಡಬ್ಬಿ ಮುಚ್ಚಳ ತೆಗೆದು ಹಚ್ಚಲು ನೋಡಿದೆ, ಜಾರಿ ಜಾರಿ ಬಿತ್ತು. ಹದಿನೈದು ವರ್ಷ ಅದನ್ನು ಮಾರಿದ್ದೇನೆ, ಒಮ್ಮೆಯೂ ಹಚ್ಚಿ ನೋಡಿರಲಿಲ್ಲ. ಮಗ ಬಂದು ಪಕ್ಕದಲ್ಲಿ ಕೂತ. "ಮೊದ್ಲು ಬ್ರಾಕೆಟ್ ಒಣಗಿಸ್ಬೇಕಮ್ಮಾ, ಒದ್ದೆ ಇದ್ರೆ ನಿಲ್ಲಲ್ಲ" ಅಂದು ಹತ್ತಿಯಿಂದ ಒರೆಸಿದ. ಕಡಲೆ ಕಾಳಿನಷ್ಟು ವ್ಯಾಕ್ಸ್ ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಬೆಚ್ಚಗಾಗುವವರೆಗೆ ಉರುಳಿಸಿದ. ಆಮೇಲೆ ನನ್ನ ತುಟಿ ಸರಿಸಿ, ಚುಚ್ಚುತ್ತಿದ್ದ ಜಾಗದ ಮೇಲಿಟ್ಟು ಮೆಲ್ಲಗೆ ಒತ್ತಿದ. "ಈಗ ನಾಲಿಗೆ ಆಡಿಸಿ ನೋಡು" ಅಂದ. ನುಣುಪಾಗಿತ್ತು.